ನಿಮ್ಮ ಮಿನಿಗೆ ನಾನು ಬಣ್ಣ ಹಾಕುವುದಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಸ್ವಲ್ಪ ದೂರದ ತೋಟದ ಮನೆ ನಮ್ಮದು. ಅದರ ಅಟ್ಟದಲ್ಲಿ, ಹೆಂಚಿನ ನಡುವೆ ಗಾಜು ಕೂರಿಸಿರುವ ಜಾಗದ ಕೆಳಗೆ, ನನ್ನ ಮೇಜು. ಮೊದಲು ಒಬ್ಬ ಗೆಳೆಯನ ಹತ್ತು ಮಿನಿಯೇಚರ್‌ಗಳಿಗೆ ಬಣ್ಣ ಹಾಕಿಕೊಟ್ಟೆ. ಆಮೇಲೆ ಅವನ ಗೆಳೆಯರು ಬಂದರು, ಅವರ ಆಫೀಸಿನವರೂ ಬಂದರು. ಎಲ್ಲರೂ ವಾಟ್ಸಾಪಿನಲ್ಲಿ ಕೇಳುವುದು ಅವೇ ಪ್ರಶ್ನೆ. ರಾತ್ರಿ ಹನ್ನೊಂದಕ್ಕೆ ಅದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಗೆಳೆಯನಿಗೆ ನೀವೇ ಬಣ್ಣ ಹಾಕಿಕೊಡಲು ಹೊರಟಿದ್ದರೂ ಓದಿ. ನಾನು ಕೆಟ್ಟು ಕಲಿತದ್ದು ನಿಮಗೆ ಪುಕ್ಕಟೆ ಸಿಗುತ್ತದೆ.

ಮಿನಿ ಅಂದರೆ ಏನು? ಬೊಂಬೆ ತಾನೆ?

ನಮ್ಮ ಅವ್ವ ಇವತ್ತಿಗೂ ಬೊಂಬೆ ಅಂತಲೇ ಅನ್ನುವುದು. ಮೇಜಿನ ಮೇಲೆ ದಾಳ ಹಾಕಿ ಆಡುವ ಯುದ್ಧದ ಆಟ, ಕಥೆಯ ಆಟಗಳಿಗೆ ಬೇಕಾದ ಪುಟ್ಟ ಆಕೃತಿಗಳಿವು. ಹೆಚ್ಚಾಗಿ ಬರುವುದು 28 ಮಿ.ಮೀ. ಅಳತೆಯವು, ಅಂದರೆ ಪಾದದಿಂದ ಕಣ್ಣಿನವರೆಗೆ ಸುಮಾರು ಅಷ್ಟು ಎತ್ತರ. ತಲೆ, ಕೈ, ಕತ್ತಿ ಇವನ್ನೆಲ್ಲ ಬೇಕೆಂದೇ ಸ್ವಲ್ಪ ದಪ್ಪ ಮಾಡಿರುತ್ತಾರೆ, ಮೂರಡಿ ದೂರದಿಂದ ಕಾಣಲಿ ಅಂತ. ನನ್ನ ಹತ್ತಿರ ಬರುವುದರಲ್ಲಿ ಮುಕ್ಕಾಲು ಪಾಲು ವಾರ್‌ಹ್ಯಾಮರ್ 40,000 ಆಟದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ತಂದ ಆಟ ಅದು. ಉಳಿದವು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನುವ ಕಥೆಯ ಆಟ ಆಡುವವರ ಒಂಟಿ ವೀರರು, ಮಾಟಗಾತಿಯರು, ಒಂದೊಂದು ಡ್ರ್ಯಾಗನ್.

ಗೆಳೆಯರ ಹತ್ತಿರವೂ ದುಡ್ಡು ತಗೊಳ್ಳುತ್ತೀರಾ?

ತಗೊಳ್ಳದೆಯೂ ಇರಬಹುದು. ಆದರೆ ಲೆಕ್ಕ ಮಾತ್ರ ಬರೆದೇ ಬರೆಯುತ್ತೇನೆ.

ಮೊದಲ ಸಲ ಬರೆಯಲು ಶುರು ಮಾಡಿದ್ದು ಸುಮ್ಮನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಸ್ಕೂಲಿನ ಗೆಳೆಯ ಹತ್ತು ಸ್ಪೇಸ್ ಮರೀನ್‌ಗಳನ್ನು (ವಾರ್‌ಹ್ಯಾಮರ್‌ನ ಕವಚಧಾರಿ ಸೈನಿಕರು) ಶೂ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ. "ಹತ್ತೇ ಅಲ್ವಾ ಮಾರಾಯ, ಒಂದು ಭಾನುವಾರದ ಕೆಲಸ" ಅಂದ. ನಾನೂ ಹೂಂ ಅಂದೆ. ಅಟ್ಟದಲ್ಲಿ ತೋಟದ ಆಳುಗಳ ಹಾಜರಿ ಬರೆಯುವ, ಅಪ್ಪನ ಕಾಲದ ಹಳೆಯ ಚೆಕ್‌ರೋಲ್ ಪುಸ್ತಕ ಬಿದ್ದಿತ್ತು, ಅರ್ಧ ಖಾಲಿ. ಕೂತಾಗಲೆಲ್ಲ ಅದರಲ್ಲಿ ಗಂಟೆ ಗುರುತು ಹಾಕುತ್ತಾ ಹೋದೆ. ಅಚ್ಚಿನ ಗೆರೆ ಕೆರೆದದ್ದು, ಅಂಟಿಸಿದ್ದು, ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಹಾಕುವ ಅಡಿ ಪದರ), ಬಣ್ಣ, ತಪ್ಪಿದ್ದು, ಅಳಿಸಿ ಮತ್ತೆ ಹಾಕಿದ್ದು ಎಲ್ಲ ಸೇರಿ 31 ಗಂಟೆ. ತೋಟದ ಲೆಕ್ಕದಲ್ಲಿ ದಿನಕ್ಕೆ 8 ಗಂಟೆಗೆ ಒಂದಾಳು. ಅಂದರೆ ಹತ್ತಿರ ಹತ್ತಿರ ನಾಲ್ಕು ಆಳು!

ಆ ಪುಟ ತೋರಿಸಿದಾಗ ಅವನ ಮುಖ ನೋಡಬೇಕಿತ್ತು. ನಾನು ಸೋಮಾರಿತನ ಮಾಡಿ ತಡ ಮಾಡುತ್ತಿದ್ದೇನೆ ಅಂತ ಅಲ್ಲಿಯವರೆಗೆ ಅವನಿಗೆ ಅನುಮಾನ. ಅವನು ಬಿಟ್ಟಿ ಮಾಡಿಸಿಕೊಳ್ಳುತ್ತಿದ್ದಾನೆ ಅಂತ ನನಗೆ ಒಳಗೊಳಗೇ ಉರಿ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ದುಡ್ಡು ಬೇಡ ಅಂದೆ. ಜನವರಿಯಲ್ಲಿ ಎರಡು ದಿನ ರಜೆ ಹಾಕಿ ಬಂದು ನಮ್ಮ ಜೊತೆ ರೋಬಸ್ಟಾ ಕುಯ್ದ. ನಾಲ್ಕು ಆಳಿಗೆ ಎರಡು ಆಳು ಜಮಾ. ಉಳಿದೆರಡು ಬಾಕಿ ಅಂತ ಚೆಕ್‌ರೋಲಿನಲ್ಲಿ ಇನ್ನೂ ಇದೆ. (ಅವನು ಕುಯ್ದದ್ದರಲ್ಲಿ ಅರ್ಧ ಹಸಿರು ಕಾಯಿ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.)

ಗೆಳೆಯನಿಗೆ ಕೆಲಸ ಮಾಡಿಕೊಡುವವರು ದರ ಹೇಳಲು ನಾಚಿದರೂ ಗಂಟೆ ಹೇಳಲು ನಾಚಬೇಡಿ.

ಸರಿ, ಪರಿಚಯ ಇಲ್ಲದವರಿಗೆ ರೇಟ್ ಎಷ್ಟು?

ಸಾಲಿನಲ್ಲಿ ನಿಲ್ಲುವ ಮಾಮೂಲಿ ಸೈನಿಕ, ಆಟಕ್ಕೆ ಸಾಲುವ ಮಟ್ಟದಲ್ಲಿ, 400 ರೂಪಾಯಿ. ಕೈಯಲ್ಲಿ ಹಿಡಿದು ನೋಡಿದರೂ ಚೆಂದ ಕಾಣಬೇಕು ಅಂದರೆ 1,000. ನಾಯಕ, ರಾಕ್ಷಸ, ಕುದುರೆ ಸವಾರ ಇವಕ್ಕೆ ಫೋಟೋ ನೋಡಿ ಹೇಳುತ್ತೇನೆ. ಬಣ್ಣ ನನ್ನದು, ಮಿನಿ ನಿಮ್ಮದು. ಅರ್ಧ ಮುಂಗಡ.

ಕಳಿಸುವ ಮುಂಚೆ ಏನೇನು ಹೇಳಬೇಕು?

ಮೂರು ವಿಷಯ: ಯಾವ ಮಟ್ಟ, ಯಾವ ತಾರೀಖು, ಯಾವ ಬಣ್ಣ. ಮೊದಲೆರಡು ಸುಲಭ. ಜಗಳ ಆಗುವುದು ಮೂರನೆಯದಕ್ಕೆ.

"ಕೆಂಪು ಹಾಕಿ" ಅನ್ನುತ್ತಾರೆ. ಯಾವ ಕೆಂಪು? ಹಣ್ಣು ಕಾಫಿಯ ಕೆಂಪೋ, ಹೊಸ ಹೆಂಚಿನ ಕೆಂಪೋ, ಕೆಎಸ್‌ಆರ್‌ಟಿಸಿ ಬಸ್ಸಿನ ಕೆಂಪೋ? ಫೋನಿನಲ್ಲಿ ತೆಗೆದ ಫೋಟೋ ಕಳಿಸಿದರೂ ಒಂದೊಂದು ಫೋನು ಒಂದೊಂದು ಕೆಂಪು ತೋರಿಸುತ್ತದೆ. ಅದಕ್ಕೇ ಕಂಪನಿ ಬಣ್ಣದ ಹೆಸರು ಗೊತ್ತಿದ್ದರೆ ಅದನ್ನೇ ಹೇಳಿ, ಇಲ್ಲವಾದರೆ ಕಣ್ಣಿಗೆ ಕಟ್ಟುವ ಯಾವುದಾದರೂ ವಸ್ತುವಿನ ಹೆಸರು ಹೇಳಿ. ನಾಪೋಕ್ಲಿನ ಒಬ್ಬರು ತಮ್ಮ ಮಂತ್ರವಾದಿಯ ನಿಲುವಂಗಿಗೆ "ಕಕ್ಕಡ ಹದಿನೆಂಟರ ಮದ್ದು ಪಾಯಸದ ಬಣ್ಣ" ಅಂದರು. ಕಕ್ಕಡ ತಿಂಗಳ ಹದಿನೆಂಟಕ್ಕೆ ಮಾಡುವ ಪಾಯಸದಲ್ಲಿ ಮದ್ದು ಸೊಪ್ಪಿನ ರಸ ಬಿಟ್ಟ ಆ ಕಡು ನೇರಳೆ ನೋಡದವರು ಕೊಡಗಿನಲ್ಲಿ ಯಾರಿದ್ದಾರೆ? ಒಂದೇ ಸಲಕ್ಕೆ ಬಣ್ಣ ಕೂಡಿತು. ಗಿರಾಕಿಗಳು ನನಗೆ ಕೊಟ್ಟ ಸೂಚನೆಗಳಲ್ಲಿ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ.

ಏನೇ ಆಗಲಿ, ಹತ್ತು ಇದ್ದರೆ ಮೊದಲು ಒಂದನ್ನೇ ಮುಗಿಸಿ ಹಗಲು ಬೆಳಕಿನಲ್ಲಿ ಫೋಟೋ ಕಳಿಸುತ್ತೇನೆ. ನೀವು ಒಪ್ಪಿದ ಮೇಲೆ ಉಳಿದ ಒಂಬತ್ತು.

ಅಂಟಿಸಿ ಕಳಿಸಲೇ, ಬಿಡಿ ಬಿಡಿಯಾಗಿ ಕಳಿಸಲೇ?

ಬಿಡಿಯಾಗಿಯೇ ಕಳಿಸಿ. ಎದೆಗೆ ಅಡ್ಡ ಹಿಡಿದ ಬಂದೂಕು ಅಂಟಿಸಿಬಿಟ್ಟರೆ ಅದರ ಹಿಂದೆ ಬ್ರಷ್ ಹೋಗುವುದಿಲ್ಲ. ನೀವೇ ಅಂಟಿಸುವುದಾದರೆ ಒಂದು ಮಾತು. ಡಬ್ಬಿಯಲ್ಲಿ ಚೌಕಟ್ಟಿನ ಸಮೇತ ಬರುವ ಗಟ್ಟಿ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಬೇಕು. ಅದು ಎರಡೂ ಕಡೆಯ ಪ್ಲಾಸ್ಟಿಕ್ ಕರಗಿಸಿ ಬೆಸೆಯುತ್ತದೆ. ರೆಸಿನ್ (ಗಟ್ಟಿಯಾಗುವ ರಾಳ), ಲೋಹ ಇವುಗಳ ಮೇಲೆ ಆ ಅಂಟು ಕೆಲಸ ಮಾಡುವುದಿಲ್ಲ, ಫೆವಿಕ್ವಿಕ್ ಜಾತಿಯದ್ದೇ ಬೇಕು. ಫೆವಿಕ್ವಿಕ್ಕನ್ನೂ ಸುರಿಯಬೇಡಿ. ಹೆಚ್ಚಾದರೆ ಸುತ್ತ ಬಿಳಿ ಹಬೆ ಹಿಡಿದು ಕೂರುತ್ತದೆ. ಹಳೆಯ ಲೋಹದ ಮಿನಿಗಳಲ್ಲಿ ಸೀಸ ಇರಬಹುದು, ಕೆರೆದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ.

3ಡಿ ಪ್ರಿಂಟ್ ಮಾಡಿದ್ದು ನಡೆಯುತ್ತಾ?

ನಡೆಯುತ್ತೆ. ಆದರೆ ಮುಟ್ಟಿದರೆ ಅಂಟಂಟು ಇರಬಾರದು. ಅಂಟಿದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ ಅಂತ ಅರ್ಥ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಯುವಿ ಬೆಳಕಿನಲ್ಲಿ ಇಟ್ಟು ಕಳಿಸಿ. ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ. ಅಂಥದ್ದು ಬಂದರೆ ವಾಪಸ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಯಾಕೆ ಹಿಡಿಯುವುದಿಲ್ಲ? ಮನೆಯೊಳಗೇ ಅಲ್ಲವೇ ಬಣ್ಣ ಹಾಕುವುದು?

ಈ ಪ್ರಶ್ನೆ ಕೇಳುವವರು ಬೆಂಗಳೂರಿನವರು. ಮಡಿಕೇರಿ ಕಡೆಯವರು ಕೇಳಿದ್ದಿಲ್ಲ.

ನಮ್ಮಲ್ಲಿ ಜುಲೈ ಅಂದರೆ ಕೊಡೆ ಒಣಗುವುದಿಲ್ಲ, ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗ ಬಿಟ್ಟು ಇಳಿಯುವುದಿಲ್ಲ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು. ಸ್ಪ್ರೇ ಪ್ರೈಮರ್ ಕ್ಯಾನಿನಿಂದ ಹೊರಟ ಹನಿ ಮಿನಿಯ ಮೇಲೆ ಒದ್ದೆಯಾಗಿ ಬಿದ್ದು, ತೆಳ್ಳಗೆ ಹರಡಿ, ಸಮನಾಗಿ ಒಣಗಬೇಕು. ಗಾಳಿಯಲ್ಲಿ ನೀರು ತುಂಬಿದ್ದರೆ ಹಾಗಾಗುವುದಿಲ್ಲ, ಸಕ್ಕರೆ ಉದುರಿಸಿದ ಹಾಗೆ ತರಿತರಿಯಾಗಿ ಕೂರುತ್ತದೆ. ಮೊದಲ ಹತ್ತರಲ್ಲಿ ಮೂರಕ್ಕೆ ನಾನು ಮಾಡಿದ್ದು ಇದೇ. ಮಳೆ ಒಂದು ಗಂಟೆ ಬಿಟ್ಟಿತ್ತು, ಅಂಗಳದಲ್ಲಿ ಬಿಸಿಲೂ ಬಂದಿತ್ತು. ಗೆದ್ದೆ ಅಂದುಕೊಂಡು ಹೊಡೆದೆ. ನೆಲದಿಂದ ಹಬೆ ಏಳುತ್ತಿರುವುದು ಕಂಡರೂ ತಲೆಗೆ ಹೋಗಲಿಲ್ಲ. ಆ ಮೂವರ ಭುಜಕವಚ ಮರಳು ಕಾಗದದ ಹಾಗೆ ಆಯಿತು.

ಈಗ ಗೋಡೆಯ ಮೇಲೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಇದೆ. ಶೇ. 70 ದಾಟಿದರೆ ಕ್ಯಾನ್ ಮುಟ್ಟುವುದಿಲ್ಲ, ಇದು ನಾನೇ ಹಾಕಿಕೊಂಡ ಕಟ್ಟು. ಮಳೆಗಾಲದಲ್ಲಿ ಕೆಲವು ವಾರ ಅದು 90ರಿಂದ ಕೆಳಗೇ ಬರುವುದಿಲ್ಲ. ಅವಸರದ ಕೆಲಸಕ್ಕೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಉಂಟು, ನಿಧಾನ, ಆದರೆ ಕೈಕೊಡುವುದಿಲ್ಲ. ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ ಇನ್ನೂ ವಾಸಿ. ಆದರೆ ಕಂಪ್ರೆಸರ್ ಹೀರುವುದು ಈ ಊರಿನ ಗಾಳಿಯನ್ನೇ. ಪೈಪಿನ ನಡುವೆ ನೀರು ಹಿಡಿಯುವ ಪುಟ್ಟ ಬಟ್ಟಲು ಇರುತ್ತದಲ್ಲ, ಡಿಸೆಂಬರಿನಲ್ಲಿ ಅದು ಒಣಗಿಯೇ ಇರುತ್ತದೆ. ಜುಲೈನಲ್ಲಿ ಅರ್ಧ ಗಂಟೆಗೊಮ್ಮೆ ಬಗ್ಗಿಸಿ ಸುರಿಯಬೇಕು. ಮರೆತರೆ ಬಣ್ಣದ ನಡುವೆ ಪಚಕ್ಕಂತ ಒಂದು ಹನಿ ನೀರು ಹಾರಿ ಬರುತ್ತದೆ, ಅದೂ ಮುಖದ ಮೇಲೇ.

ಬಣ್ಣ ಒಣಗುವುದೂ ತಡ. ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗುವ ವಾಶ್‌ಗೆ (ಸಂದುಗಳಿಗೆ ಬಿಡುವ ನೀರಾದ ಬಣ್ಣ) ಎರಡು ಗಂಟೆ. ಒಮ್ಮೆ ತಾಳ್ಮೆ ಕೆಟ್ಟು ಒಲೆಯ ಮೇಲಿನ ತಟ್ಟಿಯಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಬಿಳಿ ಕವಚ ಕಂದು, ಬೆನ್ನಿನ ಆಂಟೆನಾ ಬಾಗಿದೆ, ಮೂಸಿದರೆ ಒಣಮೀನಿನ ವಾಸನೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ, ತೆಳ್ಳನೆಯ ಭಾಗ ಅದಕ್ಕೂ ಮುಂಚೆಯೇ ಬಗ್ಗುತ್ತದೆ. "ನಿನ್ನ ಬೊಂಬೆಗೂ ಹೊಗೆ ಹಾಕಿದೆಯಲ್ಲೋ" ಅಂತ ಅವ್ವ ನಕ್ಕದ್ದು ಇನ್ನೂ ನಿಂತಿಲ್ಲ.

ಕೊನೆಯಲ್ಲಿ ಹೊಡೆಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಎಲ್ಲಕ್ಕಿಂತ ಅಪಾಯ. ಪ್ರೈಮರ್ ಕೆಟ್ಟರೆ ಹೋಗುವುದು ಪ್ರೈಮರ್ ಮಾತ್ರ. ವಾರ್ನಿಶ್ ತೇವಕ್ಕೆ ಬೆಳ್ಳಗಾದರೆ 31 ಗಂಟೆಯ ಕೆಲಸದ ಮೇಲೆ ಮಂಜು ಬಿದ್ದಂತೆ. ಹಾಗಾಗಿಬಿಟ್ಟರೆ ಕೂಡಲೇ ಕೆರೆಯಲು ಹೋಗಬೇಡಿ. ಒಣ ಹವೆಯ ದಿನ ನೋಡಿ ಮೇಲೊಂದು ಹೊಳಪಿನ ವಾರ್ನಿಶ್ ಹಚ್ಚಿ. ಎಷ್ಟೋ ಸಲ ಬಿಳುಪು ಮಾಯವಾಗುತ್ತದೆ. ಆಮೇಲೆ ಬ್ರಷ್‌ನಲ್ಲಿ ಮ್ಯಾಟ್ ಹಚ್ಚಿ ಹೊಳಪು ತೆಗೆದರಾಯಿತು.

ಇನ್ನೊಂದು ತಮಾಷೆ ಇದೆ. ಬಣ್ಣಕ್ಕೆ ಹೇಳಿ ಮಾಡಿಸಿದ ಒಣ ಹವೆ ನಮ್ಮಲ್ಲಿ ಡಿಸೆಂಬರ್‌ನಿಂದ ಮಾರ್ಚ್. ಕಾಫಿ ಕುಯ್ಲೂ ಅದೇ ಹೊತ್ತಿಗೆ, ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಹಗಲು ಕಣದಲ್ಲಿ, ರಾತ್ರಿ ಅಟ್ಟದಲ್ಲಿ. ಜನವರಿಯಲ್ಲಿ ನನಗೆ ಫೋನ್ ಮಾಡಿ "ಆಯಿತಾ?" ಅಂತ ಕೇಳಬೇಡಿ.

ಯಾವ ಬಣ್ಣ ಬಳಸುತ್ತೀರಿ? ಅಂಗಡಿಯಲ್ಲಿ ಸಿಗುವ ಕ್ಯಾಮೆಲ್, ಫೆವಿಕ್ರಿಲ್ ಆಗುವುದಿಲ್ಲವೇ?

ಆಗುತ್ತದೆ. ನಾನು ಕಲಿತದ್ದೇ ಅದರಲ್ಲಿ. ಮಿನಿಗೆಂದೇ ಮಾಡುವ ವಲ್ಲೆಹೊ, ಸಿಟಡೆಲ್ ಬಣ್ಣಗಳಲ್ಲಿ ಬಣ್ಣದ ಪುಡಿ ಬಹಳ ನುಣ್ಣಗೆ, ತೆಳ್ಳಗೆ ಹಚ್ಚಿದರೂ ಮುಚ್ಚುತ್ತದೆ. ಬಟ್ಟೆಗೆ, ಕ್ಯಾನ್ವಾಸಿಗೆ ಮಾಡಿದ ಬಣ್ಣ ದಪ್ಪ. ಅದನ್ನು ನೀರುಮಜ್ಜಿಗೆ ಹದಕ್ಕೆ ತಂದು ಎರಡರ ಬದಲು ನಾಲ್ಕು ಪದರ ಹಚ್ಚಬೇಕು. ಕಪ್ಪು, ಕಂದು, ಬೇಸಿನ (ಮಿನಿ ನಿಲ್ಲುವ ಅಡಿಬಿಲ್ಲೆಯ) ಮಣ್ಣು, ಇವಕ್ಕೆ ಈಗಲೂ ನಾನು ಊರಿನ ಅಂಗಡಿಯ ಬಣ್ಣವನ್ನೇ ಹಾಕುವುದು. ಮುಖ, ಲೋಹದ ಹೊಳಪು ಮತ್ತು ಹಳದಿಗೆ ಮಾತ್ರ ಹೊರಗಿನದು.

ಹಳದಿ ಸೈನ್ಯಕ್ಕೆ ಯಾಕೆ ಹೆಚ್ಚು ದುಡ್ಡು?

ಹಳದಿ ಮುಚ್ಚುವುದಿಲ್ಲ. ಕಪ್ಪು ಪ್ರೈಮರಿನ ಮೇಲೆ ನೇರ ಹಚ್ಚಿದರೆ ಪಾಚಿಯ ಹಾಗೆ ಹಸಿರು ಹೊಡೆಯುತ್ತದೆ. ಬಿಳಿ ಪ್ರೈಮರ್ ಹಾಕಿ, ಮೇಲೆ ತಿಳಿ ಗುಲಾಬಿಯೋ ಮಣ್ಣಿನ ಕಂದೋ ಒಂದು ಪದರ ಕೊಟ್ಟು, ಆಮೇಲೆ ಹಳದಿಯನ್ನು ಮೂರು ಸಲ ತೆಳ್ಳಗೆ ಹಚ್ಚಬೇಕು. ಗುಲಾಬಿ ಅಡಿಯಿದ್ದರೆ ಹಳದಿ ಬೆಚ್ಚಗೆ ಕಾಣುತ್ತದೆ, ಕಂದು ಇದ್ದರೆ ಹಳೆಯ ಲಾರಿಯ ಹಾಗೆ. ಹಳದಿ ಕವಚದ ಇಂಪೀರಿಯಲ್ ಫಿಸ್ಟ್ಸ್ ದಳ ಕಟ್ಟುವವರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಗಂಟೆ ಲೆಕ್ಕ ಅಷ್ಟೆ.

ಒಂದು ಮಿನಿ ಶುರುವಿನಿಂದ ಕೊನೆಯವರೆಗೆ ಹೇಗೆ ಮುಗಿಯುತ್ತದೆ?

ಮೊದಲು ಉಗುರುಬೆಚ್ಚನೆ ಸೋಪುನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕುತ್ತೇನೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯಂಥದ್ದು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಚಾಕುವಿನ ಬೆನ್ನಿನಿಂದ ಅಚ್ಚಿನ ಗೆರೆ ಕೆರೆಯುವುದು. ಮೈಮೇಲೆ ಕೂದಲೆಳೆಯಷ್ಟು ಎದ್ದ ಗೆರೆ, ಈಗ ಕಾಣುವುದಿಲ್ಲ, ಬಣ್ಣ ಬಿದ್ದ ಕೂಡಲೇ ಹೊಲಿಗೆ ಬಿಟ್ಟ ಹಾಗೆ ಎದ್ದು ಕಾಣುತ್ತದೆ. ಕಾಲಿಗೊಂದು ಪಿನ್ನು ಚುಚ್ಚಿ ಬಾಟಲಿಯ ಬೆಂಡಿನ ಮೇಲೆ ನಿಲ್ಲಿಸುತ್ತೇನೆ, ಮಿನಿಯನ್ನು ಕೈಯಿಂದ ಮುಟ್ಟದೆ ತಿರುಗಿಸಲು.

ಕಪ್ಪು ಪ್ರೈಮರ್ ಸುತ್ತಲೂ, ಮೇಲಿನಿಂದ ಮಾತ್ರ ಸ್ವಲ್ಪ ಬಿಳಿ. ನೆತ್ತಿಯ ಮೇಲೆ ಸೂರ್ಯ ಇದ್ದ ಹಾಗೆ ನೆರಳು ಬೆಳಕು ಅಲ್ಲೇ ಸಿಕ್ಕಿಬಿಡುತ್ತದೆ. ಅದರ ಮೇಲೆ ಮೂಲ ಬಣ್ಣಗಳು. ಅವು ಒಣಗಿದ ಮೇಲೆ ವಾಶ್, ಅಂದರೆ ನೀರಾದ ಕಡು ಬಣ್ಣ. ಅದು ತಾನಾಗಿ ಹರಿದು ಮಡಿಕೆ, ಸಂದುಗಳಲ್ಲಿ ನಿಲ್ಲುತ್ತದೆ. ನಮ್ಮ ಗದ್ದೆ ದಾರಿಗಳಲ್ಲಿ ಮೊದಲ ಮಳೆಯ ಕೆಂಪು ನೀರು ಚಕ್ರದ ಹಳ್ಳದಲ್ಲೇ ನಿಲ್ಲುತ್ತದಲ್ಲ, ಹಾಗೆ. ಉಬ್ಬಿನ ಮೇಲೆ ಮತ್ತೆ ಮೂಲ ಬಣ್ಣ, ಅಂಚಿಗೆ ಅದರ ತಿಳಿ ಛಾಯೆ.

ಕಣ್ಣಿಗೆ ನಾನು ಮೊದಲೇ ಕೈ ಹಾಕುತ್ತೇನೆ. ಕೊನೆಗೆ ಇಟ್ಟುಕೊಂಡರೆ ತಪ್ಪಿದಾಗ ಇಡೀ ಮುಖ ಹಾಳು. ಕಡು ಕಂದಿನ ಅಡ್ಡಗೆರೆ, ಅದರೊಳಗೆ ಮಾಸಲು ಬಿಳಿಯ ಸಣ್ಣ ಗೆರೆ, ಮಧ್ಯೆ ಒಂದು ಚುಕ್ಕೆ. ಉಸಿರು ಹಿಡಿದು ಒಂದು ಕಣ್ಣು ಸರಿಯಾಗಿ ಬಂತೋ, ಇನ್ನೊಂದಕ್ಕೆ ಕೈ ನಡುಗುತ್ತದೆ. ಮಾಲುಗಣ್ಣಿನ ಮಹಾವೀರರು ನನ್ನ ಕಪಾಟಿನಲ್ಲಿ ಆರೇಳು ಜನ ಇದ್ದಾರೆ. ಸ್ಪೇಸ್ ಮರೀನ್‌ಗಳಿಗೆ ಹೆಲ್ಮೆಟ್ ಕೊಟ್ಟವರಿಗೆ ಪುಣ್ಯ ಬರಲಿ.

ಬ್ರಷ್?

ಮೊನೆ ಚೂಪಾಗಿರುವ 1 ಅಥವಾ 2ನೇ ನಂಬರಿನದು ಎರಡು ಸಾಕು. ಕೂದಲಿನಷ್ಟು ಸಣ್ಣದು ಬೇಡ, ಬಣ್ಣ ತುದಿಯಲ್ಲೇ ಒಣಗುತ್ತದೆ. ನೈಲಾನ್ ಬ್ರಷ್ ಸ್ವಲ್ಪ ದಿನಕ್ಕೆ ತುದಿಯಲ್ಲಿ ಕೊಕ್ಕೆಯಂತೆ ಬಾಗುತ್ತದೆ. ಅದನ್ನು ಎಸೆಯದೆ ಡ್ರೈಬ್ರಷ್‌ಗೆ (ಬಣ್ಣ ಒರೆಸಿದ ಬ್ರಷ್‌ನಿಂದ ಉಬ್ಬುಗಳನ್ನು ಸವರುವುದಕ್ಕೆ) ಇಟ್ಟುಕೊಳ್ಳಿ. ಮೊನೆ ಮಾಡಲು ಬ್ರಷ್ ನೆಕ್ಕುವ ಅಭ್ಯಾಸ ಬಿಡಿ.

ಬಣ್ಣ ಒಣಗದಂತೆ ಇಡುವ ವೆಟ್ ಪ್ಯಾಲೆಟ್ಟಿಗೆ ದುಡ್ಡು ಹಾಕಬೇಡಿ. ಚಪ್ಪಟೆ ಟಿಫಿನ್ ಡಬ್ಬಿ, ಒದ್ದೆ ಸ್ಪಾಂಜು, ಮೇಲೆ ಬೇಕಿಂಗ್ ಪೇಪರ್. ನಮ್ಮ ಹವೆಗೆ ಮೂರೇ ದಿನದಲ್ಲಿ ಬೂಷ್ಟು ಬರುತ್ತದೆ, ನೀರು ಬದಲಿಸುತ್ತಿರಿ. ನಾನು ಸ್ಪಾಂಜಿನ ಅಡಿ ಅಜ್ಜಿಯ ಕಾಲದ ತಾಮ್ರದ ಕಾಸು ಹಾಕಿದ್ದೇನೆ. ವಾಸನೆ ಕಮ್ಮಿ ಅನ್ನಿಸುತ್ತದೆ.

ಬೇಸ್ ಮೇಲೆ ನಿಜವಾದ ಕಾಫಿ ಪುಡಿ ಹಾಕುತ್ತೀರಂತೆ?

ಹಾಕುತ್ತಿದ್ದೆ. ಕೊಡಗಿನ ಮಿನಿಗೆ ಕೊಡಗಿನ ಕಾಫಿ ಅಂತ ದೊಡ್ಡ ಐಡಿಯಾ ನನ್ನದು. ಚರಟ ಒಣಗಿಸಿ ಫೆವಿಕಾಲಿನಲ್ಲಿ ಅಂಟಿಸಿದೆ, ಥೇಟ್ ತೋಟದ ಮಣ್ಣು. ಎರಡು ತಿಂಗಳಿಗೆ ಐದು ಬೇಸ್ ಮೇಲೆ ಬಿಳಿ ತುಪ್ಪಳ. ಈಗ ಹೊಳೆ ಮರಳನ್ನು ಚಹಾ ಜರಡಿಯಲ್ಲಿ ಜರಡಿ ಹಿಡಿದು, ಕಾವಲಿಯ ಮೇಲೆ ಹುರಿದು ಹಾಕುತ್ತೇನೆ. ಬಂಡೆ ಬೇಕಾದರೆ ಸಿಲ್ವರ್ ಓಕ್ ಮರದ ಉದುರಿದ ತೊಗಟೆ. ಮುರಿದ ಅಂಚು ಬೆಟ್ಟದ ಕಡಿದಿನ ಹಾಗೇ ಇರುತ್ತದೆ, ಬೂದು ಬಣ್ಣ ಸವರಿದರೆ ಸಾಕು. ಅದನ್ನೂ ಹುರಿದೇ ಬಳಸಬೇಕು, ಒಳಗೆ ಹುಳ ಇರುತ್ತದೆ.

ಕುಪ್ಯ (ಉದ್ದ ಕೋಟು), ಚೇಲೆ (ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ) ಹಾಕಿದ ಕೊಡವ ವೀರನನ್ನು ಮಾಡಿಕೊಡುತ್ತೀರಾ?

ಈ ವರ್ಷ ಹೆಚ್ಚು ಬಂದ ಪ್ರಶ್ನೆ ಇದು. ಅಚ್ಚಿನಲ್ಲಿ ಹಾಗೇ ಸಿಗುವ ಮಿನಿ ನನ್ನ ಕೈಗೆ ಬಂದಿಲ್ಲ. ಉದ್ದ ಕೋಟಿನ ಯಾವುದಾದರೂ ಮಿನಿ ತಂದರೆ ಗ್ರೀನ್ ಸ್ಟಫ್ ಅನ್ನುವ ಎರಡು ಭಾಗದ ಪುಟ್ಟಿಯಿಂದ ಚೇಲೆಯ ಸುತ್ತು, ತಲೆವಸ್ತ್ರ, ಸೊಂಟದ ಪೀಚೆಕತ್ತಿ ಕಟ್ಟಿಕೊಡುತ್ತೇನೆ. ಎಂ-ಸೀಲ್‌ನಲ್ಲೂ ಪ್ರಯತ್ನಿಸಿದೆ, ತರಿ ಜಾಸ್ತಿ, ಮಡಿಕೆ ತಿದ್ದುವುದರೊಳಗೆ ಗಟ್ಟಿಯಾಗುತ್ತದೆ.

ಕಷ್ಟ ಇರುವುದು ಕಪ್ಪು ಬಣ್ಣದಲ್ಲಿ. ಕುಪ್ಯವನ್ನು ಅಪ್ಪಟ ಕಪ್ಪು ಬಳಿದರೆ ಮಡಿಕೆಯೆಲ್ಲ ಮುಚ್ಚಿ ಇದ್ದಲಿನ ತುಂಡಿನ ಹಾಗೆ ಕಾಣುತ್ತದೆ. ಅಡಿಗೆ ಕಡು ನೀಲಿ ಬೆರೆಸಿದ ಕಪ್ಪು, ಮಡಿಕೆಯ ಉಬ್ಬಿಗೆ ನೀಲಿ ಬೂದು, ತೀರಾ ತುದಿಗೆ ಮಾತ್ರ ತಿಳಿ ಬೂದು. ಚೇಲೆಯ ರೇಷ್ಮೆ ಕೆಂಪು ಇದಕ್ಕೆ ವಿರುದ್ಧ. ರೇಷ್ಮೆ ಹೊಳೆಯಬೇಕಾದರೆ ನೆರಳಿನಿಂದ ಬೆಳಕಿಗೆ ಬಣ್ಣ ತಟ್ಟನೆ ಏರಬೇಕು. ಅಂಚಿನ ಜರಿಗೆ ಬಂಗಾರದ ಬಣ್ಣ ಎಳೆಯುವ ಬದಲು ಸಾಸಿವೆ ಹಳದಿಯ ಚುಕ್ಕೆ ಸಾಲು ಇಟ್ಟರೆ ಇಷ್ಟು ಸಣ್ಣ ಅಳತೆಯಲ್ಲಿ ಅದೇ ಜರಿಯಾಗಿ ಕಾಣುತ್ತದೆ. ಮದುಮಗನಾದರೆ ಕುಪ್ಯ ಬಿಳಿ. ಮೊದಲೇ ಹೇಳಿ. ಒಬ್ಬರು ತಮ್ಮನ ಮದುವೆಗೆ ಉಡುಗೊರೆ ಅಂತ ಹೇಳಲು ಮರೆತು, ಕಪ್ಪು ಮುಗಿದ ಮೇಲೆ ನೆನಪು ಮಾಡಿಕೊಂಡರು.

ಹಳೆಯ ಬಣ್ಣ ತೆಗೆದು ಹೊಸದು ಹಾಕಬಹುದೇ?

ಪ್ಲಾಸ್ಟಿಕ್, ಲೋಹ ಆದರೆ ಐಸೋಪ್ರೊಪೈಲ್‌ನಲ್ಲಿ ನೆನೆಹಾಕಿ ಟೂತ್‌ಬ್ರಷ್‌ನಲ್ಲಿ ತಿಕ್ಕಿದರೆ ಬಿಡುತ್ತದೆ. ಪ್ರಿಂಟ್ ಮಾಡಿದ ರೆಸಿನ್ನನ್ನು ಬಹಳ ಹೊತ್ತು ನೆನೆಸಬೇಡಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಮಾತ್ರ ಪ್ಲಾಸ್ಟಿಕ್ ಹತ್ತಿರ ತರಬೇಡಿ, ಬಣ್ಣದ ಜೊತೆ ಮಿನಿಯೂ ಕರಗುತ್ತದೆ.

ಬೆಂಗಳೂರಿಗೆ ಹೇಗೆ ತಲುಪಿಸುತ್ತೀರಿ?

ನಮ್ಮ ಜಿಲ್ಲೆಗೆ ರೈಲಿಲ್ಲ, ಬಸ್ಸೇ ಗತಿ. ಯಾರಾದರೂ ಪರಿಚಯದವರು ಹೊರಟಿದ್ದರೆ ಅವರ ಕೈಯಲ್ಲಿ, ಇಲ್ಲದಿದ್ದರೆ ಕೊರಿಯರ್. ತಿರುವು, ಹಂಪುಗಳಲ್ಲಿ ಕುಲುಕಿದರೂ ಅಲ್ಲಾಡದ ಹಾಗೆ ಬೇಸಿನಡಿ 5 ಮಿ.ಮೀ. ಅಗಲದ ಪುಟ್ಟ ಅಯಸ್ಕಾಂತ ಅಂಟಿಸಿ, ಕಬ್ಬಿಣದ ಬಿಸ್ಕತ್ ಡಬ್ಬಿಯಲ್ಲಿ ನಿಲ್ಲಿಸುತ್ತೇನೆ. ಹತ್ತಿ ಸುತ್ತಬೇಡಿ, ಅದರ ಎಳೆ ಕತ್ತಿಗೆ ಸಿಕ್ಕಿ ಕೈ ಸಮೇತ ಕಿತ್ತು ಬರುತ್ತದೆ. ಡಬ್ಬಿ ವಾಪಸ್ ಕಳಿಸಿ. ಕೇಳಿದರೆ ಎಲ್ಲರೂ ಕಳಿಸುತ್ತೇನೆ ಅನ್ನುತ್ತಾರೆ.

ನೋಡಿದ ಮೇಲೆ ಇಷ್ಟವಾಗದಿದ್ದರೆ?

ಒಪ್ಪಿದ ಮಾದರಿಗಿಂತ ಕೆಳಗಿದ್ದರೆ ಪುಕ್ಕಟೆ ಸರಿ ಮಾಡುತ್ತೇನೆ. "ನೀಲಿ ಬದಲು ಹಸಿರು ಇದ್ದಿದ್ದರೆ" ಅಂತ ಈಗ ಅನ್ನಿಸಿದರೆ ಅದು ಹೊಸ ಕೆಲಸ. ಗೆಳೆಯರ ಜೊತೆ ಈ ವ್ಯತ್ಯಾಸವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಆಮೇಲೆ ಹೇಳಿದರೆ ಸಿಟ್ಟಿನ ಮಾತಾಗಿ ಕೇಳಿಸುತ್ತದೆ.

ತರಿಯಾದ ಆ ಮೂರು ಮಿನಿ ಏನಾದವು?

ಬಣ್ಣ ತೆಗೆದು ಮತ್ತೆ ಹಾಕುತ್ತೇನೆ ಅಂದರೆ ಗೆಳೆಯ ಬಿಡಲಿಲ್ಲ. ಭುಜದ ಮೇಲೆ ಕಂದು ಬಣ್ಣ ಒತ್ತಿ, ಮೊಣಕಾಲಿನವರೆಗೆ ಕೆಸರು ಮೆತ್ತಿಸಿಕೊಂಡ. ಆಡುವಾಗ ಅವರನ್ನು ಭಾಗಮಂಡಲದ ತುಕಡಿ ಅನ್ನುತ್ತಾನಂತೆ.

ಈಗ ಕೊಟ್ಟರೆ ಯಾವಾಗ ಸಿಗುತ್ತದೆ?

ಸರದಿಯಲ್ಲಿ ಮೂರು ಜನ ಇದ್ದಾರೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ನಾಲ್ಕು ದಿನ ಬಿಸಿಲು ಬಿದ್ದರೆ ಪ್ರೈಮರ್ ಹೊಡೆಯುತ್ತೇನೆ. ಹತ್ತರ ಗುಂಪಾದರೆ ಪುತ್ತರಿಯ (ನಮ್ಮ ಸುಗ್ಗಿ ಹಬ್ಬ, ನವೆಂಬರ್–ಡಿಸೆಂಬರ್) ಹೊತ್ತಿಗೆ ಕೊಡಬಹುದು. ಹಳದಿಯಾದರೆ ಪುತ್ತರಿ ಆದಮೇಲೆ.